ಚೌಕಾಬಾರದಿಂದ ನಿಮ್ಮದೇ ಆಟದವರೆಗೆ: ಮನೆಯಾಟಗಳನ್ನು ಕಲಿಯುವ, ಕೂಡಿಡುವ, ಕಟ್ಟುವ ಬಗೆ

ನವರಾತ್ರಿಯೋ ಬೇಸಿಗೆ ರಜೆಯೋ ಹತ್ತಿರವಾದಾಗ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಚೌಕಾಬಾರದ ಸರಿಯಾದ ನಿಯಮ ಯಾವುದು? ಅಳಗುಳಿ ಮಣೆ ಕೊಳ್ಳುವಾಗ ಏನು ನೋಡಬೇಕು? ಅಟ್ಟದಲ್ಲಿ ಹಳೆಯ ಪಗಡೆ ಹಾಸು ಸಿಕ್ಕಿದೆ, ಅದನ್ನು ಹೇಗೆ ಕಾಪಾಡಲಿ? ನನ್ನದೇ ಒಂದು ಆಟ ಮಾಡುವ ಆಸೆಯಿದೆ, ಎಲ್ಲಿಂದ ಆರಂಭಿಸಲಿ? ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ದಾರಿಯಲ್ಲಿ ಬರೆದಿದ್ದೇನೆ.

ಆ ದಾರಿಯ ಕ್ರಮ ಹೀಗೆ: ಮೊದಲು ಕಲಿಯಿರಿ, ಆಮೇಲೆ ನಿಯಮ ಬರೆದಿಡಿ, ಅದರ ನಂತರ ಸಂಗ್ರಹಿಸಿ, ಕೊನೆಗೆ ಹೊಸದನ್ನು ಕಟ್ಟಿ. ಈ ಕ್ರಮದ ಬಗ್ಗೆ ನಾನು ಹಟ ಹಿಡಿಯುತ್ತೇನೆ. ಹಲಗೆ ಕಳೆದುಹೋದರೆ ಸೀಮೆಸುಣ್ಣದಿಂದ ಐದು ನಿಮಿಷದಲ್ಲಿ ಮತ್ತೆ ಬರೆಯಬಹುದು. ನಿಯಮ ಗೊತ್ತಿದ್ದ ಕೊನೆಯ ವ್ಯಕ್ತಿ ಹೋದರೆ, ಉಳಿದ ಹಲಗೆ ಎಷ್ಟೇ ಚೆಂದವಿದ್ದರೂ ಅದು ಬರೀ ಮರದ ತುಂಡು.

ಆರಂಭಕ್ಕೆ ಬೇಕಾದ ಸಾಮಗ್ರಿ ಸ್ವಲ್ಪವೇ. ಸೀಮೆಸುಣ್ಣ, ನಾಲ್ಕು ಕವಡೆ, ಬೇರೆ ಬೇರೆ ಬಣ್ಣದ ಗುಂಡಿ ಅಥವಾ ಬೀಜಗಳು, ರಟ್ಟು, ಅಡಿಕೋಲು, ಒಂದು ನೋಟ್‌ಬುಕ್. ಕವಡೆ ಸಿಗದಿದ್ದರೆ ಹುಣಸೆ ಬೀಜದ ಒಂದು ಬದಿಯನ್ನು ಒರಟು ಕಲ್ಲಿನ ಮೇಲೆ ಬಿಳಿಯಾಗುವವರೆಗೆ ಉಜ್ಜಿ. ಬಿಳಿ ಬದಿ ಮೇಲೆ ಬಿದ್ದರೆ ಕವಡೆಯ ಬಾಯಿ ಮೇಲೆ ಬಿದ್ದಂತೆ ಎಂದು ಎಣಿಸಿದರೆ ಸಾಕು.

ಹಂತ 1: ಒಂದೇ ಆಟವನ್ನು ಪೂರ್ತಿ ಕಲಿಯಿರಿ

ಚೌಕಾಬಾರವನ್ನು ಆರಿಸಿಕೊಳ್ಳಿ. ಕೆಲವೆಡೆ ಕಟ್ಟೆಮನೆ ಎಂದು ಕರೆಯುವುದೂ ಇದನ್ನೇ. ನೆಲದ ಮೇಲೆ ಐದು ಸಾಲು, ಐದು ಕಂಬದ ಚೌಕ ಬರೆಯಿರಿ. ಒಟ್ಟು 25 ಮನೆಗಳು. ನಾಲ್ಕೂ ಬದಿಗಳ ನಡುಮನೆ ಮತ್ತು ಹಾಸಿನ ಮಧ್ಯದ ಮನೆ, ಈ ಐದಕ್ಕೆ ಅಡ್ಡಗೆರೆಗಳ ಗುರುತು ಹಾಕಿ. ಬದಿಯ ನಡುಮನೆಗಳು ಒಬ್ಬೊಬ್ಬ ಆಟಗಾರನ ಸ್ವಂತ ಮನೆ. ಅಲ್ಲಿರುವ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ.

ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕು ಕವಡೆ ಎಸೆದಾಗ ಎಷ್ಟು ಬಾಯಿ ಮೇಲಾಗಿವೆಯೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ 4. ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ 8. ಚೌಕ ಅಥವಾ ಬಾರ ಬಿದ್ದವರಿಗೆ ಇನ್ನೊಂದು ಎಸೆತ ಸಿಗುತ್ತದೆ. ಕಾಯಿ ಸ್ವಂತ ಮನೆಯಿಂದ ಹೊರಟು ಹೊರಸುತ್ತನ್ನು ಅಪ್ರದಕ್ಷಿಣವಾಗಿ ಸುತ್ತಿ, ತನ್ನ ಮನೆಗೆ ಒಂದು ಹೆಜ್ಜೆ ಬಾಕಿಯಿರುವಾಗ ಒಳಸುತ್ತಿಗೆ ತಿರುಗುತ್ತದೆ. ಅಲ್ಲಿ ಪ್ರದಕ್ಷಿಣವಾಗಿ ನಡೆದು ಮಧ್ಯದ ಮನೆ ಸೇರಿದರೆ ಕಾಯಿ ಹಣ್ಣಾಯಿತು. ನಾಲ್ಕನ್ನೂ ಮೊದಲು ಹಣ್ಣು ಮಾಡಿದವರು ಗೆದ್ದಂತೆ. ದಾರಿಯಲ್ಲಿ ಗುರುತಿಲ್ಲದ ಮನೆಯಲ್ಲಿ ಎದುರಾಳಿಯ ಕಾಯಿಯ ಮೇಲೆ ಸರಿಯಾಗಿ ಬಂದು ನಿಂತರೆ ಅದು ಮನೆಗೆ ಮರಳಬೇಕು. ಒಂದಾದರೂ ಕಾಯಿ ಹೊಡೆಯದವರಿಗೆ ಒಳಸುತ್ತಿನ ಪ್ರವೇಶವಿಲ್ಲ ಎಂಬುದು ಬಹಳ ಮನೆಗಳಲ್ಲಿ ಚಾಲ್ತಿಯಲ್ಲಿರುವ ನಿಯಮ. ಆಟಕ್ಕೆ ಬಿಸಿ ತರುವುದೇ ಅದು. ಎಲ್ಲರೂ ಸುರಕ್ಷಿತವಾಗಿ ನಡೆದುಕೊಂಡು ಹೋಗುವುದನ್ನು ಆ ಒಂದು ಸಾಲು ತಪ್ಪಿಸುತ್ತದೆ.

ಈಗ ಓದುಗರ ಮೊದಲ ಪ್ರಶ್ನೆಗೆ ಬರೋಣ. ‘ಸರಿಯಾದ’ ನಿಯಮ ಅಂತ ಒಂದಿಲ್ಲ. ಒಂದೇ ಬಣ್ಣದ ಎರಡು ಕಾಯಿ ಒಂದೇ ಮನೆಯಲ್ಲಿ ಸೇರಿದರೆ ಗಟ್ಟಿ ಎನ್ನುವವರಿದ್ದಾರೆ, ಗಟ್ಟಿಯನ್ನು ಗಟ್ಟಿಯಿಂದ ಮಾತ್ರ ಹೊಡೆಯಬೇಕು ಎನ್ನುವವರಿದ್ದಾರೆ, ಗಟ್ಟಿಯೇ ಇಲ್ಲದೆ ಆಡುವವರೂ ಇದ್ದಾರೆ. ಕಾಯಿ ಹೊಡೆದವರಿಗೆ ಮತ್ತೊಂದು ಎಸೆತ ಉಂಟೋ ಇಲ್ಲವೋ ಎಂಬುದು ಇನ್ನೊಂದು ಜಗಳ. ಏಳು ಮನೆಯ ಹಾಸು ಬರೆದು ಆರು ಕವಡೆಯಲ್ಲಿ ಆಡುವ ರೂಢಿಯೂ ಇದೆ. ಆಟ ಶುರುವಾಗುವ ಮುನ್ನ ಈ ಅಂಶಗಳನ್ನು ಬಾಯಿಬಿಟ್ಟು ಹೇಳಿ ಒಪ್ಪಿಕೊಳ್ಳಿ. ನಡುವೆ ಎದ್ದ ತಕರಾರನ್ನು ‘ನಮ್ಮ ಅಜ್ಜಿ ಹೀಗೆ ಆಡುತ್ತಿದ್ದರು’ ಎಂಬ ಮಾತು ಬಗೆಹರಿಸುವುದಿಲ್ಲ, ಏಕೆಂದರೆ ಎದುರಿಗಿರುವವರಿಗೂ ಒಬ್ಬ ಅಜ್ಜಿ ಇರುತ್ತಾರೆ.

ಹಂತ 2: ಇನ್ನೆರಡು ಜಾತಿಯ ಆಟಗಳನ್ನು ಸೇರಿಸಿಕೊಳ್ಳಿ

ಚೌಕಾಬಾರ, ಪಗಡೆ, ಹಾವು-ಏಣಿಯಾಗಿ ಉಳಿದಿರುವ ಪರಮಪದ ಸೋಪಾನ, ಇವೆಲ್ಲ ಓಟದ ಆಟಗಳು. ಎಸೆತ ಬಿದ್ದಷ್ಟು ನಡೆದು ಗುರಿ ಮುಟ್ಟುವುದು ಇವುಗಳ ಸಾಮಾನ್ಯ ಗುಣ. ಮುಂದೆ ನೀವೇ ಆಟ ಕಟ್ಟಬೇಕೆಂದಿದ್ದರೆ ಬೇರೆ ಜಾತಿಗಳ ಪರಿಚಯವೂ ಬೇಕು.

ಮೊದಲನೆಯದು ಹುಲಿ-ಕುರಿ. ನಮ್ಮಲ್ಲಿ ಹೆಚ್ಚು ಕಾಣುವ ತ್ರಿಕೋನದ ಹಾಸಿನಲ್ಲಿ ಗೆರೆಗಳು ಕೂಡುವ 23 ಬಿಂದುಗಳಿರುತ್ತವೆ. ಒಬ್ಬರಿಗೆ 3 ಹುಲಿ, ಇನ್ನೊಬ್ಬರಿಗೆ 15 ಕುರಿ. ಕುರಿಗಳನ್ನು ಒಂದೊಂದಾಗಿ ಇಡುತ್ತ ಬರಬೇಕು. ಹದಿನೈದೂ ಹಾಸಿಗೆ ಇಳಿಯುವವರೆಗೆ ಯಾವ ಕುರಿಯೂ ನಡೆಯುವಂತಿಲ್ಲ. ಕುರಿಯ ಆಚೆಯ ಬಿಂದು ಖಾಲಿಯಿದ್ದರೆ ಹುಲಿ ಹಾರಿ ಅದನ್ನು ತಿನ್ನುತ್ತದೆ. ಮೂರೂ ಹುಲಿಗಳಿಗೆ ನಡೆ ಇಲ್ಲದಂತೆ ಕಟ್ಟಿಹಾಕಿದರೆ ಕುರಿಗಳ ಗೆಲುವು. ಎಷ್ಟು ಕುರಿ ಸತ್ತರೆ ಹುಲಿ ಗೆದ್ದಂತೆ ಎಂಬುದು ಊರೂರಿಗೆ ಬೇರೆ. ಇಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲ. ಎರಡು ಪಕ್ಷಗಳ ಬಲ, ಸಂಖ್ಯೆ, ಗುರಿ ಮೂರೂ ಬೇರೆ ಬೇರೆ. ಹೀಗೆ ಅಸಮವಾದ ಆಟವನ್ನು ತೂಗಿಸುವುದು ಎಷ್ಟು ಕಷ್ಟವೆಂದು ತಿಳಿಯಬೇಕಾದರೆ 15 ಕುರಿಯ ಬದಲು 12 ಇಟ್ಟು ಆಡಿ ನೋಡಿ. ಕುರಿಗಳ ಕಡೆಯವರು ಬೇಗನೆ ಆಟ ಬಿಟ್ಟೇಳುತ್ತಾರೆ.

ಎರಡನೆಯದು ಅಳಗುಳಿ ಮಣೆ, ತುಳುನಾಡಿನ ಚೆನ್ನೆಮಣೆ. ಎರಡು ಸಾಲು, ಸಾಲಿಗೆ ಏಳು, ಒಟ್ಟು 14 ಗುಂಡಿ. ಗುಂಡಿಗೆ ನಾಲ್ಕು ಬೀಜ ಹಾಕಿ ಆಡುವವರೂ ಇದ್ದಾರೆ, ಐದು ಹಾಕುವವರೂ ಇದ್ದಾರೆ. ಬೀಜಗಳನ್ನು ಎತ್ತಿ ಗುಂಡಿಗೊಂದರಂತೆ ಹಂಚುತ್ತ ಹೋಗಬೇಕು. ಕೈ ಖಾಲಿಯಾದಾಗ ಮುಂದಿನ ಗುಂಡಿಯದನ್ನು ಎತ್ತಿ ಮುಂದುವರಿಸಬೇಕು. ಮುಂದಿನ ಗುಂಡಿ ಖಾಲಿಯಿದ್ದರೆ ಅದರ ಆಚೆಯ ಗುಂಡಿಯಲ್ಲಿರುವುದು ನಿಮ್ಮ ಗಳಿಕೆ. ಬಹುಪಾಲು ಆಟಗಳಿಗೆ ಬುನಾದಿ ಇಷ್ಟೇ. ಇದರ ಮೇಲೆ ಎಷ್ಟೋ ಬಗೆಗಳು ಬೆಳೆದಿವೆ, ಒಬ್ಬರೇ ಕುಳಿತು ಆಡುವ ಸೀತೆ ಆಟವೂ ಅದರಲ್ಲೊಂದು.

ಎಚ್ಚರಿಕೆ: ಗುಲಗಂಜಿ ಬೀಜಗಳನ್ನು ಮಕ್ಕಳಿರುವ ಮನೆಯಲ್ಲಿ ಆಟಕ್ಕೆ ಬಳಸಬೇಡಿ. ಕೆಂಪು ಮೈ, ಕಪ್ಪು ಚುಕ್ಕೆಯ ಆ ಬೀಜದೊಳಗೆ ಆಬ್ರಿನ್ ಎಂಬ ತೀವ್ರ ವಿಷವಿದೆ. ಜಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಹುಣಸೆ ಬೀಜ, ಮಂಜೊಟ್ಟಿ ಕಾಯಿ ಅಥವಾ ಗಾಜಿನ ಮಣಿ ಸಾಕು. ಇವನ್ನೂ ತೀರಾ ಚಿಕ್ಕ ಮಕ್ಕಳ ಬಾಯಿಗೆ, ಮೂಗಿಗೆ ಸಿಗದಂತೆ ಇಡಬೇಕು. ವಿದೇಶದಲ್ಲಿರುವ ಓದುಗರು ಊರಿನಿಂದ ಮಣೆ ಒಯ್ಯುವಾಗ ಬೀಜಗಳನ್ನು ಇಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ದೇಶಗಳ ಜೈವಿಕ ಸುರಕ್ಷತಾ ತಪಾಸಣೆ ಬೀಜಗಳ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮರದ ವಸ್ತುವನ್ನೂ ಅಲ್ಲಿ ಘೋಷಿಸಬೇಕು.

ಹಂತ 3: ನಿಯಮಗಳನ್ನು ಬರೆದುಕೊಳ್ಳಿ

ಈ ಲೇಖನದಲ್ಲಿ ಒಂದೇ ಹಂತವನ್ನು ಪಾಲಿಸುವಿರಾದರೆ ಇದನ್ನು ಪಾಲಿಸಿ. ಹಿರಿಯರ ಎದುರು ನೋಟ್‌ಬುಕ್ ಬಿಚ್ಚಿ ‘ನಿಯಮ ಹೇಳಿ’ ಎಂದರೆ ಅರ್ಧ ಮಾತ್ರ ಹೊರಬರುತ್ತದೆ. ಬಾಲ್ಯದಿಂದ ಕೈಗೆ ಹತ್ತಿದ ಆಟವನ್ನು ಮಾತಿನಲ್ಲಿ ವಿವರಿಸಿ ಅವರಿಗೆ ಅಭ್ಯಾಸವಿರುವುದಿಲ್ಲ. ಹಾಗಾಗಿ ಹಾಸು ಬರೆದು, ಎದುರು ಕುಳಿತು, ಆಡಿ. ಅನುಮತಿ ಪಡೆದು ಮೊಬೈಲ್ ಅನ್ನು ಹಾಸಿನ ಮೇಲ್ಭಾಗಕ್ಕೆ ತಿರುಗಿಸಿ ಚಿತ್ರೀಕರಿಸಿ. ಮುಖಕ್ಕಿಂತ ಕೈಗಳು ಕಾಣುವುದು ಮುಖ್ಯ. ಬೇಕೆಂದೇ ವಿಚಿತ್ರ ನಡೆಯೊಂದನ್ನು ನಡೆಸಿ. ‘ಅಯ್ಯೋ, ಹಾಗೆ ಮಾಡುವ ಹಾಗಿಲ್ಲ’ ಎಂದು ಅವರು ತಡೆದ ಕ್ಷಣದಲ್ಲಿ ನಿಮಗೊಂದು ನಿಯಮ ಸಿಕ್ಕಿತು.

ಆಟ ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆಗಳು:

- ಯಾರು ಮೊದಲು ಆಡಬೇಕು, ಅದನ್ನು ಹೇಗೆ ತೀರ್ಮಾನಿಸುತ್ತಿದ್ದರು?
- ಕಾಯಿ ಹಾಸಿಗೆ ಇಳಿಯಲು ಇಂಥದ್ದೇ ಎಸೆತ ಬೀಳಬೇಕೇ?
- ನಡೆ ಇಲ್ಲದಿದ್ದರೆ ಸರದಿ ಬಿಡಬೇಕೇ? ಇದ್ದರೆ ನಡೆಸಲೇಬೇಕೇ?
- ಕೊನೆಯ ಮನೆಗೆ ಲೆಕ್ಕ ಸರಿಯಾಗಿ ಕೂಡಬೇಕೇ, ಹೆಚ್ಚಾದರೂ ಆದೀತೇ?
- ಇಬ್ಬರೇ ಇದ್ದಾಗ, ಮೂವರಿದ್ದಾಗ ಏನು ಬದಲಾಗುತ್ತಿತ್ತು?
- ಮೋಸ ಎಂದರೆ ಯಾವುದು, ಅದಕ್ಕೆ ಶಿಕ್ಷೆ ಏನು?
- ಯಾವ ತಿಂಗಳಲ್ಲಿ, ಯಾವ ಹೊತ್ತಿನಲ್ಲಿ, ಯಾರ ಜೊತೆ ಆಡಬಾರದಿತ್ತು?

ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಆಟದ ಸಾಮಾಜಿಕ ಬದುಕು ಅದರಲ್ಲಿದೆ. ತುಳುನಾಡಿನಲ್ಲಿ ಚೆನ್ನೆ ಆಟಿ ತಿಂಗಳ ಜಡಿಮಳೆಯ ಆಟ. ಅಕ್ಕ-ತಂಗಿಯರು ಎದುರುಬದುರು ಕೂತು ಆಡಬಾರದೆಂಬ ನಂಬಿಕೆಯ ಹಿಂದೆ ತುಳು ಜನಪದ ಕಾವ್ಯವಾದ ಸಿರಿ ಪಾಡ್ದನದ ಅಬ್ಬಗ-ದಾರಗರ ಕಥೆಯಿದೆ. ಆ ಅವಳಿ ಸೋದರಿಯರು ಚೆನ್ನೆ ಆಡುತ್ತ ಜಗಳಕ್ಕೆ ಬೀಳುತ್ತಾರೆ, ಮಣೆಯ ಪೆಟ್ಟಿಗೆ ಒಬ್ಬಳ ಪ್ರಾಣ ಹೋಗುತ್ತದೆ. ನಿಯಮದ ಹಾಳೆಯಲ್ಲಿ ಇಂಥ ವಿಷಯಕ್ಕೂ ಒಂದು ಅಂಕಣ ಇರಲಿ.

ಬರೆಯುವಾಗ ಅವರಾಡಿದ ಪದಗಳನ್ನೇ ಉಳಿಸಿ. ಗಟ್ಟಿ, ಹಣ್ಣು, ಕಟ್ಟೆ ಎಂದು ಅವರೆಂದರೆ ಹಾಗೆಯೇ ಬರೆದು ಪಕ್ಕದಲ್ಲಿ ಅರ್ಥ ಕೊಡಿ. ಊರು, ತಾಲ್ಲೂಕು, ಹೇಳಿದವರ ಸುಮಾರು ವಯಸ್ಸು, ದಿನಾಂಕ ನಮೂದಿಸಿ. ಇಬ್ಬರು ಬೇರೆ ಬೇರೆ ನಿಯಮ ಹೇಳಿದರೆ ಎರಡನ್ನೂ ಬರೆಯಿರಿ. ಎರಡನ್ನೂ ಬೆರೆಸಿ ನಿಮಗೆ ತರ್ಕಬದ್ಧವೆನಿಸಿದ ಮೂರನೆಯದನ್ನು ಹಾಳೆಗೆ ಇಳಿಸುವುದು ದಾಖಲೆಗೆ ಮಾಡುವ ದೊಡ್ಡ ದ್ರೋಹ. ಹಾಗೆ ಹುಟ್ಟಿದ ‘ಅಧಿಕೃತ’ ನಿಯಮಗಳು ಈಗಾಗಲೇ ಬೇಕಾದಷ್ಟು ಓಡಾಡುತ್ತಿವೆ.

ಹಂಪಿಯ ಮಂಟಪಗಳಲ್ಲಿ, ನಾಡಿನ ಎಷ್ಟೋ ದೇವಸ್ಥಾನಗಳ ನೆಲಹಾಸು, ಜಗಲಿಗಳಲ್ಲಿ ಆಟದ ಹಾಸುಗಳನ್ನು ಕೊರೆದಿರುವುದು ಕಾಣುತ್ತದೆ. ಒಂದರೊಳಗೊಂದು ಮೂರು ಚೌಕ, 24 ಬಿಂದುಗಳ ಸಾಲುಮನೆ ಆಟವನ್ನು ಗುರುತಿಸುವುದು ಸುಲಭ. ಇಬ್ಬರಿಗೂ ಒಂಬತ್ತೊಂಬತ್ತು ಕಾಯಿ, ಮೂರು ಒಂದೇ ಸಾಲಿಗೆ ಬಂದರೆ ಎದುರಾಳಿಯದೊಂದು ಕಾಯಿ ಹೊರಗೆ. ಇಲ್ಲಿ ಎರಡು ಎಚ್ಚರ ಬೇಕು. ಗೆರೆ ಎದ್ದು ಕಾಣಲೆಂದು ಸೀಮೆಸುಣ್ಣ, ಅರಿಸಿನ, ಬಣ್ಣ ಯಾವುದನ್ನೂ ತುಂಬಬೇಡಿ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಅಪರಾಧ. ಬೆಳಗ್ಗೆ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ಫೋಟೊ ತೆಗೆದರೆ ಗೆರೆಗಳು ತಾವಾಗಿ ಕಾಣುತ್ತವೆ. ಇನ್ನೊಂದು, ದೇವಸ್ಥಾನ ಕಟ್ಟಿದ ಕಾಲವನ್ನೇ ಹಾಸಿನ ಕಾಲವೆಂದು ಬರೆಯಬೇಡಿ. ಕಟ್ಟಿದ ಕಲ್ಲುಕುಟಿಗರು ಕೊರೆದಿರಬಹುದು, ಶತಮಾನಗಳ ನಂತರ ನೆರಳಿಗೆ ಬಂದು ಕೂತ ಕುರಿಗಾಹಿಯೂ ಕೊರೆದಿರಬಹುದು.

ಹಂತ 4: ಸಂಗ್ರಹ

ಕೊಳ್ಳುವ ಮುನ್ನ ಮನೆಯೊಳಗೆ ಹುಡುಕಿ. ಪಗಡೆಯ ಬಟ್ಟೆ ಸಿಕ್ಕರೆ ಅದನ್ನು ಮಡಿಸಿಡಬೇಡಿ. ಹಳೆಯ ಹತ್ತಿ, ರೇಷ್ಮೆ ಮಡಿಕೆಯ ಗುಂಟ ಸೀಳುತ್ತದೆ. ತೊಳೆದ ಬಿಳಿ ಹತ್ತಿಬಟ್ಟೆಯ ಜೊತೆಗೆ ದಪ್ಪ ಕೊಳವೆಗೆ ಸುತ್ತಿ ಇಡಿ. ಮರದ ಮಣೆಯನ್ನು ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಮೆರುಗು ಬರಲೆಂದು ವಾರ್ನಿಷ್ ಬಳಿದರೆ ಬೆರಳುಗಳು ತಲೆಮಾರುಗಟ್ಟಲೆ ಸವೆಸಿದ ಗುರುತು ಮುಚ್ಚಿಹೋಗುತ್ತದೆ, ಮತ್ತೆ ಬರುವುದಿಲ್ಲ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಆಗಾಗ ಹೊರತೆಗೆದು ಗಾಳಿಗಿಡಬೇಕು, ನೇರ ಬಿಸಿಲಿಗಲ್ಲ.

ಹೊಸದನ್ನು ಕೊಳ್ಳುವುದಾದರೆ ಆಡಲು ಯೋಗ್ಯವೋ ಎಂದು ಮೊದಲು ನೋಡಿ. ಗೋಡೆಗೆ ತೂಗುಹಾಕಲೆಂದೇ ಮಾಡಿದ ಮಣೆಗಳಲ್ಲಿ ಗುಂಡಿಗಳು ಆಳವಿರುವುದಿಲ್ಲ, ಎಂಟ್ಹತ್ತು ಬೀಜ ಸೇರಿದೊಡನೆ ಉರುಳಿ ಬೀಳುತ್ತವೆ. ಮೂರು ಬೆರಳು ಸಲೀಸಾಗಿ ಒಳಗಿಳಿದು ಬೀಜ ಬಾಚುವಂತಿರಬೇಕು. ಕಾಯಿಗಳಿಗೆ ಚನ್ನಪಟ್ಟಣದ ಅರಗಿನ ಬಣ್ಣದ ಕಾಯಿಗಳಿಗಿಂತ ಚೆನ್ನಾದವನ್ನು ನಾನು ಕಂಡಿಲ್ಲ. ಹಾಲೆಮರವನ್ನು ಕಡೆದು ಮಾಡುವ ಅಲ್ಲಿನ ಕುಶಲಕರ್ಮಿಗಳಿಗೆ ಅಳತೆ, ಬಣ್ಣ ಬರೆದುಕೊಟ್ಟರೆ ನಿಮ್ಮ ಆಟಕ್ಕೆ ಬೇಕಾದಂತೆಯೇ ಮಾಡಿಕೊಡುತ್ತಾರೆ.

ಗಂಜೀಫಾ ಎಂಬ ಹಳೆಯ ಕಾಲದ ಇಸ್ಪೀಟಿನಂಥ ಎಲೆಗಳ ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೊಂದರಂತೆ ಹತ್ತು ಬಣ್ಣ, ಅಂದರೆ ಇಸ್ಪೀಟಿನ ಜಾತಿಯಂಥ ಗುಂಪುಗಳು. ಪ್ರತಿ ಗುಂಪಿನಲ್ಲಿ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಎಲೆಗಳು ಸೇರಿ 12. ಒಟ್ಟು 120 ಎಲೆ. ಮೊಘಲ್ ಬಗೆಯಲ್ಲಿ ಎಂಟು ಗುಂಪು, 96 ಎಲೆ. ಅಲಂಕಾರಕ್ಕೆಂದು ಕೆಲವೇ ಎಲೆಗಳನ್ನು ಚೆಂದದ ಪೆಟ್ಟಿಗೆಯಲ್ಲಿಟ್ಟು ಮಾರುವುದುಂಟು. ಆಡುವ ಉದ್ದೇಶವಿದ್ದರೆ ಎಲೆಗಳನ್ನು ಗುಂಪುಗುಂಪಾಗಿ ಹರವಿ ಎಣಿಸಿದ ಮೇಲೆಯೇ ಹಣ ಕೊಡಿ. ಕೈಯಿಂದ ಬರೆದ ಎಲೆಗಳಲ್ಲಿ ಬೆನ್ನಿನ ಬಣ್ಣ ಏಕರೂಪವಾಗಿರಬೇಕು, ಇಲ್ಲದಿದ್ದರೆ ಎದುರಾಳಿಗೆ ನಿಮ್ಮ ಎಲೆ ಬೆನ್ನಿನಿಂದಲೇ ಗೊತ್ತಾಗುತ್ತದೆ.

ಹಳೆಯ ವಸ್ತುಗಳಿಗೆ ಕಾನೂನಿನ ಕಟ್ಟುಗಳಿವೆ. ನೂರು ವರ್ಷ ದಾಟಿದ ಕಲಾವಸ್ತು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ದೇಶದ ಹೊರಗೆ ಒಯ್ಯಲು ಖಾಸಗಿಯವರಿಗೆ ಅವಕಾಶವಿಲ್ಲ. ದಂತದ ದಾಳ, ದಂತದ ಪಗಡೆಕಾಯಿಗಳನ್ನು ಎಷ್ಟೇ ಹಳೆಯವು ಎಂದರೂ ಕೊಳ್ಳಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದರ ವ್ಯಾಪಾರವನ್ನು ನಿಷೇಧಿಸಿದೆ. ಹಳೆಯದೆಂದು ಹೇಳಿ ಹೊಗೆ, ಎಣ್ಣೆ ಹಿಡಿಸಿದ ಹೊಸ ಮಣೆಗಳೂ ಮಾರುಕಟ್ಟೆಯಲ್ಲಿವೆ. ನಿಜವಾಗಿ ಆಡಿದ ಮಣೆಯಲ್ಲಿ ಗುಂಡಿಗಳ ಅಂಚು ಸವೆದು ನುಣುಪಾಗಿರುತ್ತದೆ, ಕೈ ತಾಗದ ಅಡಿಭಾಗ ಒರಟಾಗಿಯೇ ಉಳಿದಿರುತ್ತದೆ. ಎಲ್ಲೆಡೆ ಒಂದೇ ಸಮನೆ ಕಪ್ಪಾಗಿದ್ದರೆ ಅನುಮಾನಿಸಿ.

ನೋಡಿ ಕಲಿಯಲು ಮೈಸೂರು ಒಳ್ಳೆಯ ಊರು. ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳನ್ನು ರೂಪಿಸುವುದರಲ್ಲಿ ಅಪಾರ ಆಸಕ್ತಿ ಇದ್ದವರು. ಅವರ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತನೆಯ ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲು. ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಅವರ ಆಟದ ಹಾಸುಗಳ ಚಿತ್ರಗಳಿವೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾಕೌಶಲ್ಯ’ ಎಂಬ ಹೆಸರಿನಲ್ಲಿ ಈ ಆಟಗಳ ಪ್ರದರ್ಶನಗಳನ್ನು ನಡೆಸಿಕೊಂಡು ಬಂದಿದೆ. ಅಲ್ಲಿ ಹಾಸುಗಳನ್ನು ಕೊಳ್ಳಬಹುದು, ಆಡಿಯೂ ನೋಡಬಹುದು.

ಹಂತ 5: ಲೆಕ್ಕ ಹಾಕಿ, ಒಂದೇ ನಿಯಮ ಬದಲಿಸಿ

ಹೊಸ ಆಟಕ್ಕೆ ನೇರವಾಗಿ ಹಾರಬೇಡಿ. ಗೊತ್ತಿರುವ ಆಟದಲ್ಲಿ ಒಂದೇ ಒಂದು ನಿಯಮ ಬದಲಿಸಿ, ಏನಾಗುತ್ತದೆಂದು ಗಮನಿಸಿ. ಎರಡು ಬದಲಿಸಿದರೆ ಪರಿಣಾಮ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ.

ಚೌಕಾಬಾರದ ಲೆಕ್ಕವನ್ನೇ ನೋಡಿ. ಕವಡೆಯ ಎರಡೂ ಬದಿ ಸಮಾನವಾಗಿ ಬೀಳುತ್ತವೆ ಎಂದುಕೊಂಡರೆ ನಾಲ್ಕು ಕವಡೆಗಳು ಬೀಳುವ ಬಗೆಗಳು 16. ಅದರಲ್ಲಿ ಒಂದು ಬೀಳುವುದು ನಾಲ್ಕು ಸಲ, ಎರಡು ಆರು ಸಲ, ಮೂರು ನಾಲ್ಕು ಸಲ, ಚೌಕ ಒಂದು ಸಲ, ಬಾರ ಒಂದು ಸಲ. ಎಸೆತಕ್ಕೆ ಸರಾಸರಿ 2.5 ಮನೆ. ಚೌಕ, ಬಾರಗಳ ಮರು ಎಸೆತ ಸೇರಿಸಿದರೆ ಸರದಿಗೆ ಸುಮಾರು 2.86. ಒಂದು ಕಾಯಿ ಹಣ್ಣಾಗಲು 24 ಹೆಜ್ಜೆ, ನಾಲ್ಕಕ್ಕೆ 96. ಅಂದರೆ ಯಾರೂ ಯಾರನ್ನೂ ಹೊಡೆಯದೆ ಒಂದೂ ಎಸೆತ ವ್ಯರ್ಥವಾಗದಿದ್ದರೂ ಒಬ್ಬರಿಗೆ 34ರಷ್ಟು ಸರದಿ ಬೇಕು. ನಾಲ್ವರು ಆಡಿದರೆ, ಸರದಿಗೆ ಕಾಲು ನಿಮಿಷ ಹಿಡಿದರೂ ಅರ್ಧ ಗಂಟೆ ದಾಟುತ್ತದೆ. ಹೊಡೆದಾಟ ಸೇರಿದರೆ ಇನ್ನೂ ಹೆಚ್ಚು. ಮಕ್ಕಳು ನಡುವೆ ಎದ್ದು ಹೋಗುವುದಕ್ಕೆ ಕಾರಣ ಇದೇ ಲೆಕ್ಕದಲ್ಲಿದೆ. ಅವರಿಗೆ ಎರಡೇ ಕಾಯಿ ಕೊಡಿ. 48 ಹೆಜ್ಜೆ, ಅರ್ಧ ಸಮಯ, ಆಟದ ರುಚಿ ಹಾಗೆಯೇ ಉಳಿಯುತ್ತದೆ.

ಲೆಕ್ಕವನ್ನು ಪೂರ್ತಿ ನಂಬಬೇಡಿ, ಏಕೆಂದರೆ ನಿಜವಾದ ಕವಡೆ ಸಮಾನವಾಗಿ ಬೀಳುವುದಿಲ್ಲ. ನಿಮ್ಮ ನಾಲ್ಕು ಕವಡೆಗಳನ್ನು ನೂರು ಸಲ ಎಸೆದು ಫಲಿತಾಂಶ ಬರೆದಿಡಿ. ಬಾರ ಅತಿ ಹೆಚ್ಚು ಬೀಳುವ ಕವಡೆಗಳಿದ್ದರೆ ಆಟ ಜೂಜಿನ ಕಡೆಗೆ ವಾಲುತ್ತದೆ.

ಹಂತ 6: ಹೊಸ ಆಟ ಕಟ್ಟಿ

ಹೊಸಬರ ಸಾಮಾನ್ಯ ತಪ್ಪು ಹಾವು-ಏಣಿಯ ಹಾಸಿನ ಮೇಲೆ ಹೊಸ ಚಿತ್ರ ಅಂಟಿಸಿ ಅದನ್ನು ಹೊಸ ಆಟ ಎನ್ನುವುದು. ಆಟಗಾರ ಏನನ್ನೂ ನಿರ್ಧರಿಸುವಂತಿಲ್ಲದಿದ್ದರೆ ವಸ್ತು ವಚನವಾದರೂ ವನ್ಯಜೀವಿಯಾದರೂ ಒಂದೇ. ವಸ್ತುವಿಗೆ ತಕ್ಕ ನಡೆ ಹುಡುಕಿ. ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ.

ಬಯಲುಸೀಮೆಯ ಕೆರೆಗಳು ಸರಪಳಿಯಾಗಿವೆ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ನೀರು ಕೆಳಗಿನ ಕೆರೆಗೆ ಬರುತ್ತದೆ. ಗುಂಡಿಯಿಂದ ಗುಂಡಿಗೆ ಬೀಜ ಹಂಚುವ ಅಳಗುಳಿ ಮಣೆ ಈ ವಸ್ತುವಿಗಾಗಿಯೇ ಹುಟ್ಟಿದಂತಿದೆ. ಬೀಜವೇ ನೀರು, ಗುಂಡಿಯೇ ಕೆರೆ. ಆಟಕ್ಕೆ ‘ಕೋಡಿ’ ಎಂದು ಹೆಸರಿಡೋಣ.

ಮೊದಲ ಕರಡು: ಇಬ್ಬರು ಆಟಗಾರರು, ಇಬ್ಬರಿಗೂ ಏಳೇಳು ಕೆರೆ, ಕೆರೆಗೆ ಮೂರು ಬೀಜ, ಒಟ್ಟು 42. ಸರದಿ ಬಂದಾಗ ಎರಡರಲ್ಲಿ ಒಂದು ಕೆಲಸ. ತೂಬು ತೆಗೆಯುವುದೆಂದರೆ ನಿಮ್ಮ ಒಂದು ಕೆರೆಯ ಬೀಜವನ್ನೆಲ್ಲ ಎತ್ತಿ ಅಪ್ರದಕ್ಷಿಣವಾಗಿ ಒಂದೊಂದಾಗಿ ಹಂಚುವುದು. ಗದ್ದೆಗೆ ಹಾಯಿಸುವುದೆಂದರೆ ನಿಮ್ಮ ಕೆರೆಯಿಂದ ಎರಡು ಬೀಜ ತೆಗೆದು ಗಳಿಕೆಗೆ ಇಟ್ಟುಕೊಳ್ಳುವುದು. ಹೆಚ್ಚು ಗಳಿಸಿದವರಿಗೆ ಗೆಲುವು.

ಆಡಿ ನೋಡಿದರೆ ಕೂಡಲೇ ದೋಷ ಕಾಣುತ್ತದೆ. ತೂಬು ತೆಗೆಯಲು ಯಾರಿಗೂ ಕಾರಣವಿಲ್ಲ. ಇಬ್ಬರೂ ಏಳು ಸರದಿ ಎರಡೆರಡು ಬೀಜ ತೆಗೆದುಕೊಂಡು 14-14ಕ್ಕೆ ನಿಲ್ಲುತ್ತಾರೆ. ಯಾವಾಗಲೂ ಒಂದೇ ಆಯ್ಕೆ ಲಾಭದಾಯಕವಾದರೆ ಅದು ಆಯ್ಕೆಯೇ ಅಲ್ಲ.

ತಿದ್ದುಪಡಿ: ಐದು ಅಥವಾ ಹೆಚ್ಚು ಬೀಜ ಇರುವ ಕೆರೆಯಿಂದ ಮಾತ್ರ ಗದ್ದೆಗೆ ಹಾಯಿಸಬಹುದು. ಈಗ ನೀರು ಕೂಡಿಸಲೇಬೇಕು, ಕೂಡಿಸಲು ಹೋದರೆ ಎದುರಾಳಿಯ ಕೆರೆಗಳಿಗೂ ನೀರು ಹೋಗುತ್ತದೆ. ಇದರ ಜೊತೆಗೆ ಕೋಡಿಯ ನಿಯಮ: ಯಾವುದೇ ಕೆರೆಯಲ್ಲಿ ಎಂಟು ಬೀಜ ತುಂಬಿದ ಕ್ಷಣವೇ ನಾಲ್ಕು ಮುಂದಿನ ಕೆರೆಗೆ ಹರಿಯುತ್ತವೆ, ಅದು ಎದುರಾಳಿಯದಾದರೂ. ಅಲ್ಲಿಯೂ ಎಂಟು ತುಂಬಿದರೆ ಮತ್ತೆ ಕೋಡಿ. ಸರಪಳಿ ನಿಲ್ಲದೆ ಸುತ್ತುತ್ತಲೇ ಇದ್ದರೆ ಏನು ಗತಿ ಎಂದು ಪರೀಕ್ಷಿಸಬೇಕು. ಕೋಡಿ ಮುಂದುವರಿಯಲು ದಾರಿಯ ಪ್ರತಿ ಕೆರೆಯಲ್ಲಿ ಮೊದಲೇ ನಾಲ್ಕು ಇರಬೇಕು. ಹದಿನಾಲ್ಕರಲ್ಲೂ ನಾಲ್ಕಿರಲು 56 ಬೀಜ ಬೇಕು. ನಮ್ಮಲ್ಲಿರುವುದು 42. ಆದ್ದರಿಂದ ಎಲ್ಲೋ ಒಂದೆಡೆ ನಿಂತೇ ನಿಲ್ಲುತ್ತದೆ.

ಇನ್ನೊಂದು ಅಪಾಯ ಮುಗಿಯದ ಆಟದ್ದು. ಬೀಜ ಕಡಿಮೆಯಾದ ಮೇಲೆ ಎಲ್ಲೂ ಐದು ಕೂಡದೆ ಇಬ್ಬರೂ ಸುಮ್ಮನೆ ಹಂಚುತ್ತ ಕೂರಬಹುದು. ಅದಕ್ಕೆ ಮಳೆಗಾಲದ ಮಿತಿ ಹಾಕಿ: ತಲಾ 12 ಸರದಿಗೆ ಆಟ ಮುಗಿಯುತ್ತದೆ. ನಿಮ್ಮ ಕಡೆ ಬೀಜವೇ ಇಲ್ಲದಿದ್ದರೆ ಸರದಿ ಬಿಡಬೇಕು.

ಇದು ಪರಿಪೂರ್ಣ ಆಟವಲ್ಲ. ಮೊದಲು ಆಡುವವರಿಗೆ ಲಾಭವಿದೆಯೇ, 12 ಸರದಿ ಹೆಚ್ಚಾಯಿತೇ, ಎಂಟರ ಮಿತಿಯನ್ನು ಏಳಕ್ಕೆ ಇಳಿಸಿದರೆ ಏನಾಗುತ್ತದೆ, ಇವನ್ನು ನೀವೇ ಆಡಿ ಕಂಡುಕೊಳ್ಳಿ. ಮಿತಿಯನ್ನು ಬದಲಿಸಿದಾಗ ಮೇಲಿನ 56ರ ಲೆಕ್ಕವನ್ನೂ ಮತ್ತೆ ಮಾಡಬೇಕೆಂಬುದು ನೆನಪಿರಲಿ.

ನಿಯಮ ಹೆಚ್ಚಿಸುತ್ತ ಹೋಗುವ ಆಸೆಯನ್ನು ಹಿಡಿತದಲ್ಲಿಡಿ. ಮುಮ್ಮಡಿಯವರ ಗಂಜೀಫಾಗಳಲ್ಲಿ ಅತಿ ದೊಡ್ಡದಕ್ಕೆ 18 ಗುಂಪು, 360 ಎಲೆಗಳಿದ್ದವು. ಕಲ್ಪನೆಯ ವೈಭವಕ್ಕೆ ಅದು ತಲೆಬಾಗುವಂಥದ್ದು. ಆದರೆ ಜನರ ಮನೆಗಳಲ್ಲಿ ಉಳಿದದ್ದು 25 ಮನೆಯ ಚೌಕಾಬಾರ.

ಹಂತ 7: ಪರೀಕ್ಷೆ ಮತ್ತು ನಿಯಮದ ಹಾಳೆ

ಮೊದಲು ಎರಡೂ ಕಡೆ ನೀವೇ ಆಡಿ, ಆಮೇಲೆ ಮನೆಯವರೊಂದಿಗೆ, ಆಮೇಲೆ ನಿಮ್ಮ ಪರಿಚಯವೇ ಇಲ್ಲದವರೊಂದಿಗೆ. ಮನೆಯವರ ಹೊಗಳಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ‘ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎನ್ನುತ್ತಾರೆ. ‘ಯಾವಾಗ ಬೇಸರವಾಯಿತು’, ‘ಯಾವ ನಿಯಮ ಮತ್ತೆ ಕೇಳಬೇಕಾಯಿತು’ ಎಂದು ಕೇಳಿ. ಆಟ ಮುಗಿದೊಡನೆ ಅವರಾಗಿಯೇ ಮತ್ತೊಂದು ಆಟಕ್ಕೆ ಬೀಜ ಜೋಡಿಸತೊಡಗಿದರೆ ಅದಕ್ಕಿಂತ ನಂಬಲರ್ಹ ಉತ್ತರ ಬೇಡ.

ಕೊನೆಯ ಪರೀಕ್ಷೆ ಕಠಿಣ. ಅಪರಿಚಿತರ ಕೈಗೆ ನಿಯಮದ ಹಾಳೆ ಕೊಟ್ಟು ನೀವು ಬಾಯಿ ಮುಚ್ಚಿ ಕೂರಬೇಕು. ತಪ್ಪು ಆಡಿದರೂ ತಿದ್ದಬಾರದು. ಅವರು ಎಡವಿದ ಕಡೆಯಲ್ಲೆಲ್ಲ ಹಾಳೆಯ ವಾಕ್ಯ ದುರ್ಬಲವಾಗಿದೆ. ಹಾಳೆಯಲ್ಲಿ ಮೊದಲು ಗೆಲ್ಲುವುದು ಹೇಗೆಂದು ಹೇಳಿ, ನಂತರ ಸಾಮಗ್ರಿ, ಜೋಡಣೆ, ಒಂದು ಸರದಿಯಲ್ಲಿ ಮಾಡಬಹುದಾದ್ದು, ವಿಶೇಷ ಸಂದರ್ಭ, ಮುಕ್ತಾಯ. ಒಂದು ವಸ್ತುವಿಗೆ ಒಂದೇ ಹೆಸರು. ಒಮ್ಮೆ ಕೆರೆ, ಒಮ್ಮೆ ಗುಂಡಿ, ಒಮ್ಮೆ ಮನೆ ಎಂದರೆ ಓದುವವರು ಮೂರು ವಸ್ತುಗಳನ್ನು ಹುಡುಕುತ್ತಾರೆ.

ಹಂತ 8: ಮಾರುವ ಯೋಚನೆಯಿದ್ದರೆ

‘ನನ್ನ ಕಲ್ಪನೆ ಕದ್ದರೆ?’ ಎಂಬ ಭಯದಿಂದ ಆಟವನ್ನು ಯಾರಿಗೂ ತೋರಿಸದವರಿದ್ದಾರೆ. ಪೇಟೆಂಟ್ ನಿರೀಕ್ಷಿಸಬೇಡಿ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎಂ) ಆಟ ಆಡುವ ವಿಧಾನವನ್ನು ಆವಿಷ್ಕಾರವೆಂದು ಒಪ್ಪುವುದಿಲ್ಲ. ನಿಮ್ಮ ನಿಯಮದ ಬರಹ, ಚಿತ್ರ, ಹಾಸಿನ ವಿನ್ಯಾಸಕ್ಕೆ ಕೃತಿಸ್ವಾಮ್ಯವಿದೆ. ಆಟದ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಬಹುದು. ತೋರಿಸದೆ ಬಚ್ಚಿಟ್ಟ ಆಟಕ್ಕೆ ಪರೀಕ್ಷೆಯೇ ಆಗುವುದಿಲ್ಲ, ಆ ನಷ್ಟವೇ ದೊಡ್ಡದು.

ಮಕ್ಕಳಿಗೆಂದು ಮಾರುವುದಾದರೆ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವನ್ನು ಓದಿಕೊಳ್ಳಿ. 2021ರ ಜನವರಿ 1ರಿಂದ 14 ವರ್ಷದೊಳಗಿನವರ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಕರಕುಶಲ ಅಭಿವೃದ್ಧಿ ಆಯುಕ್ತರ ಬಳಿ ನೋಂದಾಯಿತರಾದ ಕುಶಲಕರ್ಮಿಗಳು ಮಾಡಿದ ಆಟಿಕೆಗಳಿಗೆ ವಿನಾಯಿತಿಯಿದೆ. ಸಾವಿರ ಪೆಟ್ಟಿಗೆ ಅಚ್ಚು ಹಾಕಿಸಿದ ಮೇಲೆ ಇದು ತಿಳಿದರೆ ಹಣ ಸಿಕ್ಕಿಹಾಕಿಕೊಳ್ಳುತ್ತದೆ.

ಸಾಂಪ್ರದಾಯಿಕ ಆಟವನ್ನು ಆಧರಿಸಿದ್ದರೆ ನಿಯಮದ ಹಾಳೆಯಲ್ಲಿ ಹಾಗೆಂದು ಬರೆಯಿರಿ: ಯಾವ ಆಟ, ಯಾವ ಊರಿನ ಬಗೆ, ಹೇಳಿಕೊಟ್ಟವರು ಒಪ್ಪಿದರೆ ಅವರ ಹೆಸರು. ನಿಮ್ಮದೇ ಸೇರ್ಪಡೆ ಯಾವುದೆಂದು ಬೇರೆಯಾಗಿ ತೋರಿಸಿ. ಚೌಕಾಬಾರದಂಥ ಆಟದ ಹೆಸರಿನ ಮೇಲೆ ಯಾರಿಗೂ ಒಡೆತನವಿಲ್ಲ, ಆದ್ದರಿಂದ ನಿಮ್ಮ ಬದಲಾಯಿಸಿದ ಆವೃತ್ತಿಗೆ ಅದೇ ಹೆಸರನ್ನು ಹಾಗೆಯೇ ಇಡದೆ ಹೊಸ ಹೆಸರು ಕೊಡಿ. ಇಲ್ಲದಿದ್ದರೆ ಮುಂದೆ ನಿಮ್ಮ ಪೆಟ್ಟಿಗೆಯಿಂದ ಕಲಿತ ಮಗು ತನ್ನ ಊರಿನ ಹಿರಿಯರ ಎದುರು ಕೂತಾಗ ಅವರು ಆಡುವುದೇ ತಪ್ಪೆಂದುಕೊಳ್ಳುತ್ತದೆ.